ತಂತಿಯಿಲ್ಲದ ಮೌಸ್ ತಡವರಿಸುವುದೇಕೆ? ಮನೆಯಲ್ಲೇ ಕಚೇರಿ ನಡೆಸುವ ವರ್ತಕರ ಗಮನಕ್ಕೆ

ಆಳಂದ ತಾಲ್ಲೂಕಿನ ಸರಸಂಬಾ, ಮಹಾರಾಷ್ಟ್ರದ ಗಡಿಗೆ ಸಮೀಪವಿರುವ ಗ್ರಾಮ. ಅಲ್ಲಿ ಪೈಪು, ಪಂಪುಸೆಟ್ಟು ಹಾಗೂ ಹನಿ ನೀರಾವರಿ ಸಾಮಗ್ರಿಗಳ ವ್ಯಾಪಾರ ನಡೆಸುತ್ತಿರುವ ಮಿತ್ರರೊಬ್ಬರಿಗೆ ಮನೆಯ ಪಡಸಾಲೆಯೇ ಕಚೇರಿ. ಗೋಡೆಗೆ ಒರಗಿಸಿದ ಕಬ್ಬಿಣದ ಮೇಜು, ಅದರ ಮೇಲೆ ಗಣಕಯಂತ್ರ, ಪಕ್ಕದಲ್ಲಿ ಮುದ್ರಣಯಂತ್ರ, ಮೇಜಿನ ಕೆಳಗೆ ಯುಪಿಎಸ್. ಇಷ್ಟೇ ಅಲ್ಲಿನ ಸಲಕರಣೆ. ಅವರ ಸರಕಿನಲ್ಲಿ ಒಂದಷ್ಟು ಪಾಲು ಗಡಿಯಾಚೆಯ ಅಕ್ಕಲಕೋಟ ತಾಲ್ಲೂಕಿನ ರೈತರಿಗೆ ಹೋಗುತ್ತದೆ. ರಾಜ್ಯದ ಗಡಿ ದಾಟುವ ಸರಕಿನ ಮೌಲ್ಯ 50,000 ರೂಪಾಯಿ ಮೀರಿದರೆ ಇ-ವೇ ಬಿಲ್ ಇಲ್ಲದೆ ವಾಹನ ಹೊರಡುವಂತಿಲ್ಲವೆಂಬುದು ನಮ್ಮ ಓದುಗರಿಗೆ ಹೊಸದಾಗಿ ಹೇಳಬೇಕಾದ ಸಂಗತಿಯಲ್ಲ.

ಒಂದು ಸಂಜೆ ಟೆಂಪೋ ತುಂಬಿ ನಿಂತಿತ್ತು. ಚಾಲಕನು ಬಾಗಿಲ ಬಳಿ ಅವಸರಪಡಿಸುತ್ತಿದ್ದನು. ಮಿತ್ರರು ಇ-ವೇ ಬಿಲ್ಲಿನ ನಮೂನೆಯಲ್ಲಿ ಸರಕು ಸೇರುವ ರಾಜ್ಯವನ್ನು ಆಯ್ದುಕೊಳ್ಳಲು ಹೋದಾಗ ಪರದೆಯ ಮೇಲಿನ ಬಾಣದ ಗುರುತು ಕ್ಷಣಕಾಲ ಸ್ತಬ್ಧವಾಯಿತು. ಮರುಕ್ಷಣ ತಾನಾಗಿಯೇ ಒಂದು ಸಾಲು ಕೆಳಕ್ಕೆ ಜಿಗಿಯಿತು. ಇಂಗ್ಲಿಷ್ ಅಕ್ಷರಕ್ರಮದ ಆ ಪಟ್ಟಿಯಲ್ಲಿ ಮಹಾರಾಷ್ಟ್ರದ ಕೆಳಗಿರುವುದು ಮಣಿಪುರ. ಅಕ್ಕಲಕೋಟಕ್ಕೆ ಹೋಗಬೇಕಾದ ಪೈಪುಗಳು ಕಾಗದದಲ್ಲಿ ಈಶಾನ್ಯ ಭಾರತಕ್ಕೆ ಹೊರಟಿದ್ದವು. ಅದೃಷ್ಟವಶಾತ್ ಕೊನೆಯ ಗುಂಡಿ ಒತ್ತುವ ಮುನ್ನ ಅವರ ಕಣ್ಣಿಗೆ ಅದು ಬಿತ್ತು.

ಬೀಳದಿದ್ದರೆ? ಒಮ್ಮೆ ಸೃಷ್ಟಿಯಾದ ಇ-ವೇ ಬಿಲ್ಲಿನಲ್ಲಿ ವಾಹನದ ವಿವರವನ್ನು ಬದಲಿಸಬಹುದೇ ಹೊರತು ಸರಕಿನ ಮತ್ತು ವಿಳಾಸದ ವಿವರಗಳನ್ನು ತಿದ್ದುವಂತಿಲ್ಲ. 24 ಗಂಟೆಗಳೊಳಗೆ ರದ್ದುಪಡಿಸಿ ಹೊಸದನ್ನೇ ಮಾಡಬೇಕು. ವಾಹನ ದಾರಿಯಲ್ಲಿ ಸಿಕ್ಕಿಬಿದ್ದರೆ ಅದೂ ಕೈಮೀರಿದ ಮಾತು. ಕೇಂದ್ರದ ಪರೋಕ್ಷ ತೆರಿಗೆ ಮಂಡಳಿಯು 2018ರ ಸೆಪ್ಟೆಂಬರ್ 14ರಂದು ಹೊರಡಿಸಿದ 64ನೇ ಸಂಖ್ಯೆಯ ಸುತ್ತೋಲೆಯಲ್ಲಿ, ವಾಹನ ಸಂಖ್ಯೆಯ ಒಂದೆರಡು ಅಂಕಿಗಳ ವ್ಯತ್ಯಾಸದಂತಹ ಕೆಲವು ಸಣ್ಣ ತಪ್ಪುಗಳಿಗೆ ಕೇಂದ್ರ ಹಾಗೂ ರಾಜ್ಯ ತೆರಿಗೆ ಕಾಯ್ದೆಗಳಡಿ ತಲಾ 500 ರೂಪಾಯಿ, ಅಂತರರಾಜ್ಯ ಸಾಗಣೆಯಲ್ಲಿ 1,000 ರೂಪಾಯಿ ದಂಡವೆಂದು ಹೇಳಿ ವರ್ತಕರಿಗೆ ಸ್ವಲ್ಪ ನೆಮ್ಮದಿ ನೀಡಿದೆ. ಆದರೆ ಮಹಾರಾಷ್ಟ್ರವು ಮಣಿಪುರವಾಗುವುದು ಆ ಸಣ್ಣ ತಪ್ಪುಗಳ ಪಟ್ಟಿಗೆ ಸೇರಿದುದೆಂದು ತನಿಖಾಧಿಕಾರಿಗಳನ್ನು ರಾತ್ರಿ ಹತ್ತು ಗಂಟೆಗೆ ರಸ್ತೆಯ ಬದಿಯಲ್ಲಿ ಒಪ್ಪಿಸುವುದು ಸುಲಭವಲ್ಲ.

ಲೆಕ್ಕಪತ್ರದ ಕೆಲಸದ ನಿಮಿತ್ತ ನಾನು ಅವರಲ್ಲಿಗೆ ಹೋದಾಗ ಮಿತ್ರರು ಮೇಜಿನ ಖಾನೆಯಿಂದ ಎರಡು ಹಳೆಯ ಮೌಸ್‌ಗಳನ್ನು ತೆಗೆದು ತೋರಿಸಿದರು. "ಇವೆರಡೂ ಹೋದವು. ಈಗ ಹಚ್ಚಿದ್ದು ಮೂರನೇದ್ದು ನೋಡ್ರಿ. ಇದೂ ಅದೇ ಹಾದಿ ಹಿಡದದ. ಈಗೀನ ಮಾಲೇ ಹಿಂಗೇನೋ!" ಎಂದರು. ಆದರೆ ನಾನಿದ್ದ ಮಧ್ಯಾಹ್ನದ ಎರಡು ತಾಸಿನಲ್ಲಿ ಆ ಮೌಸ್ ಒಮ್ಮೆಯೂ ತಡವರಿಸಲಿಲ್ಲ. ವೈದ್ಯರ ಮುಂದೆ ಕುಳಿತೊಡನೆ ಹಲ್ಲುನೋವು ಮಾಯವಾಗುವುದಿಲ್ಲವೇ, ಹಾಗೆ. ನನಗೆ ಅನುಮಾನ ಬಂದುದೇ ಅಲ್ಲಿ. ಕೆಟ್ಟ ಸರಕು ಹಗಲಿಗೂ ಕೆಟ್ಟದ್ದು, ಸಂಜೆಗೂ ಕೆಟ್ಟದ್ದು.

ಬಾಡಿಗೆಯಿಲ್ಲದ ಸಂತೆ

ತಂತಿಯಿಲ್ಲದ ಮೌಸ್ ಹೇಗೆ ಮಾತನಾಡುತ್ತದೆಂಬುದನ್ನು ಸ್ವಲ್ಪ ತಿಳಿದುಕೊಂಡರೆ ಮುಂದಿನದು ಸುಲಭವಾಗುತ್ತದೆ. ಮೌಸಿನೊಳಗೆ ಒಂದು ಪುಟ್ಟ ಪ್ರೇಷಕವಿದೆ. ಗಣಕಯಂತ್ರದ ಯುಎಸ್‌ಬಿ ಕಿಂಡಿಗೆ ಚುಚ್ಚುವ ಉಗುರಿನಷ್ಟು ಗಾತ್ರದ ತುಂಡು, ಅಂದರೆ ನಾವು ಡಾಂಗಲ್ ಎನ್ನುವ ವಸ್ತು, ಅದರ ಗ್ರಾಹಕ. ಇವೆರಡರ ನಡುವಿನ ಸಂಭಾಷಣೆ ಇಂದಿನ ಬಹುತೇಕ ಮೌಸ್‌ಗಳಲ್ಲಿ 2.4 ಗಿಗಾಹರ್ಟ್ಸ್ ತರಂಗಪಟ್ಟಿಯಲ್ಲಿ, ನಿಖರವಾಗಿ ಹೇಳುವುದಾದರೆ 2400ರಿಂದ 2483.5 ಮೆಗಾಹರ್ಟ್ಸ್‌ವರೆಗಿನ ಕಿರಿದಾದ ಜಾಗದಲ್ಲಿ ನಡೆಯುತ್ತದೆ. ವೈಫೈ, ಬ್ಲೂಟೂತ್, ತಂತಿಯಿಲ್ಲದ ಕ್ಯಾಮೆರಾ, ಮಕ್ಕಳ ಆಟಿಕೆ ಡ್ರೋನ್, ಎಲ್ಲವೂ ಇದೇ ಜಾಗಕ್ಕೆ ಬರುತ್ತವೆ. ಅಡುಗೆಮನೆಯ ಮೈಕ್ರೋವೇವ್ ಒಲೆಯೂ 2450 ಮೆಗಾಹರ್ಟ್ಸ್ ಆಸುಪಾಸಿನಲ್ಲೇ ಅನ್ನ ಬಿಸಿಮಾಡುತ್ತದೆ.

ಎಲ್ಲರೂ ಇಲ್ಲಿಗೇ ಏಕೆ ಬರುತ್ತಾರೆಂದರೆ ಇಲ್ಲಿ ಪರವಾನಗಿ ಬೇಕಿಲ್ಲ. ಭಾರತ ಸರ್ಕಾರವು 2005ರ ಜನವರಿಯಲ್ಲಿ ಹೊರಡಿಸಿದ ನಿಯಮಗಳ ಮೂಲಕ ಈ ಪಟ್ಟಿಯಲ್ಲಿ ಕಡಿಮೆ ಶಕ್ತಿಯ ಸಲಕರಣೆಗಳನ್ನು ಪರವಾನಗಿಯಿಂದ ಮುಕ್ತಗೊಳಿಸಿತು. ಆದರೆ ಆ ನಿಯಮದಲ್ಲೊಂದು ಷರತ್ತಿದೆ, ಅದನ್ನು ವ್ಯಾಪಾರಿಗಳಾದ ನಾವು ಗಮನಿಸಬೇಕು: ಈ ಪಟ್ಟಿಯನ್ನು ಬಳಸುವವನು ಇತರರಿಗೆ ಅಡಚಣೆ ಮಾಡಕೂಡದು, ತನಗೆ ಅಡಚಣೆಯಾದರೆ ರಕ್ಷಣೆ ಕೇಳಕೂಡದು, ಮತ್ತು ಜಾಗವನ್ನು ಎಲ್ಲರೊಡನೆ ಹಂಚಿಕೊಳ್ಳಬೇಕು. ಊರ ಸಂತೆಯ ಬಯಲಿನಂತೆ ಇದು. ಬಾಡಿಗೆ ಕೊಡಬೇಕಿಲ್ಲ, ಆದರೆ ನಿಮ್ಮ ಗೋಣಿತಾಟು ಹಾಸಿದ ಪಕ್ಕದಲ್ಲೇ ಧ್ವನಿವರ್ಧಕ ಹಿಡಿದು ಕೂಗುವವನು ಬಂದು ಕುಳಿತರೆ ದೂರು ಕೊಡಲು ಕಟ್ಟೆಯಿಲ್ಲ. ನೀವೇ ಎದ್ದು ನಾಲ್ಕು ಹೆಜ್ಜೆ ಆಚೆ ಹೋಗಿ ಕೂರಬೇಕು.

ಈ ಸಂತೆಯಲ್ಲಿ ಮೌಸಿನ ದನಿ ಬಹಳ ಸಣ್ಣದು. ಒಂದು ಬ್ಯಾಟರಿಯಲ್ಲಿ ತಿಂಗಳುಗಟ್ಟಲೆ ಬಾಳಬೇಕಾದ ಕಾರಣ ಅದರ ಪ್ರೇಷಕದ ಶಕ್ತಿ ಸಾಮಾನ್ಯವಾಗಿ ಒಂದು ಮಿಲಿವ್ಯಾಟಿನ ಆಸುಪಾಸಿನಲ್ಲಿರುತ್ತದೆ. ಮನೆಯ ವೈಫೈ ರೌಟರ್ ಅದರ ನೂರು ಪಟ್ಟು ಗಟ್ಟಿಯಾಗಿ ಕೂಗಬಲ್ಲದು. ಒಂದು ಮಾತು ಕೇಳಿಸದಿದ್ದರೆ ಮೌಸ್ ಅದನ್ನೇ ಮತ್ತೆ ಹೇಳುತ್ತದೆ, ಬೇರೆ ಕಾಲುವೆಗೆ ಹಾರಿ ಅಲ್ಲಿಂದ ಪ್ರಯತ್ನಿಸುತ್ತದೆ. ಬ್ಲೂಟೂತ್ ಆದರೋ ಸೆಕೆಂಡಿಗೆ 1,600 ಬಾರಿ ಕಾಲುವೆ ಬದಲಿಸುವ ಏರ್ಪಾಡಿನಿಂದಲೇ ಹುಟ್ಟಿದ ವಿದ್ಯೆ. ಹೀಗಾಗಿ ಸಣ್ಣಪುಟ್ಟ ಗದ್ದಲ ನಮ್ಮ ಗಮನಕ್ಕೇ ಬರುವುದಿಲ್ಲ. ಗದ್ದಲ ಇಡೀ ಬಯಲನ್ನು ತುಂಬಿದಾಗ ಮಾತ್ರ ಪರದೆಯ ಬಾಣ ನಿಂತು, ತಡೆದ ಮಾತುಗಳೆಲ್ಲ ಒಟ್ಟಿಗೆ ಬಂದಾಗ ಜಿಗಿಯುತ್ತದೆ. ನಮ್ಮ ಮಿತ್ರರು ಮಣಿಪುರಕ್ಕೆ ಜಿಗಿದದ್ದು ಹೀಗೆ.

ಕಿರ್ದಿಯಲ್ಲಿ ಸಿಕ್ಕ ಸುಳಿವು

ಮಿತ್ರರಿಗೆ ನಾನು ಹೇಳಿದ್ದು ಒಂದೇ. ನಾಲ್ಕನೆಯ ಮೌಸ್ ತರಬೇಡಿ. ಬದಲಿಗೆ ಒಂದು ವಾರ ಈ ತೊಂದರೆಗೂ ಒಂದು ಕಿರ್ದಿ ಬರೆಯಿರಿ. ಮೌಸ್ ತಡವರಿಸಿದ ವೇಳೆ ಯಾವುದು, ಆಗ ಮೇಜಿನ ಮೇಲೆ ಏನೇನಿತ್ತು, ಮನೆಯಲ್ಲಿ ಏನೇನು ನಡೆಯುತ್ತಿತ್ತು, ಇಷ್ಟು ಸಾಕು. ಮೂವತ್ತು ವರ್ಷಗಳಿಂದ ದಿನದ ಕಿರ್ದಿಯನ್ನು ತಪ್ಪದೆ ಬರೆದ ಕೈ ಅದು. ಬಿಲ್ ಪುಸ್ತಕದ ಹಿಂಬದಿಯ ಹಾಳೆಯಲ್ಲಿ ಅಚ್ಚುಕಟ್ಟಾಗಿ ಬರೆದಿಟ್ಟಿದ್ದರು. ಎಂಟು ದಿನದಲ್ಲಿ ಹನ್ನೊಂದು ನಮೂದು. ಅವುಗಳಲ್ಲಿ ಒಂಬತ್ತು ಸಂಜೆ ಏಳರಿಂದ ಎಂಟರ ನಡುವಿನವು.

ಏಳು ಗಂಟೆಗೆ ಅಲ್ಲಿ ನಡೆಯುತ್ತಿದ್ದುದೇನು? ಅವರು ಅಂದಿನ ಟ್ಯಾಲಿ ಲೆಕ್ಕವನ್ನು ಹೊರಗಿನ ಹಾರ್ಡ್ ಡಿಸ್ಕಿಗೆ ನಕಲು ಮಾಡಿಡುತ್ತಿದ್ದರು. ಬಹಳ ಒಳ್ಳೆಯ ಅಭ್ಯಾಸ. ನಮ್ಮ ಸದಸ್ಯರಲ್ಲಿ ಎಷ್ಟು ಮಂದಿ ಹಾಗೆ ಮಾಡುತ್ತಾರೆಂದು ಕೇಳಲು ನನಗೆ ಧೈರ್ಯವಿಲ್ಲ. ಅದೇ ಹೊತ್ತಿಗೆ ಮರುದಿನದ ಸರಕಿನ ಬಿಲ್ಲುಗಳನ್ನೂ ತಯಾರಿಸುತ್ತಿದ್ದರು. ಹಾರ್ಡ್ ಡಿಸ್ಕಿನ ತಂತಿ ಸೇರುತ್ತಿದ್ದುದು ಗಣಕಯಂತ್ರದ ಮುಂಭಾಗದ ನೀಲಿ ಕಿಂಡಿಗೆ. ಅದಕ್ಕೆ ಒಂದು ಬೆರಳಿನ ಅಂತರದ ಪಕ್ಕದ ಕಿಂಡಿಯಲ್ಲಿ ಮೌಸಿನ ಡಾಂಗಲ್. ಅವರ ಅಣ್ಣನ ಮಗ, ಕಲಬುರಗಿಯಲ್ಲಿ ಓದುತ್ತಿರುವ ಹುಡುಗ, ಅಂದು ಮನೆಯಲ್ಲಿದ್ದನು. "ಕಾಕಾ, ಆ ಡಿಸ್ಕ್ ಒಂದ್ಸಲ ತೆಗೀರಿ ನೋಡೂಣು" ಎಂದನು. ತೆಗೆದರು, ಬಾಣ ಬೆಣ್ಣೆಯಲ್ಲಿ ಓಡಿದಂತೆ ಓಡಿತು. ಹಾಕಿದರು, ತಡವರಿಸಿತು. ಮೂರು ಬಾರಿ ಹೀಗೆ ಮಾಡಿ ನೋಡಿದ ಮೇಲೆ ಅನುಮಾನಕ್ಕೆ ಎಡೆಯಿರಲಿಲ್ಲ.

ಇದು ಸರಸಂಬಾದ ಒಂದು ಮೇಜಿನ ವಿಚಿತ್ರವಲ್ಲ. ಇಂಟೆಲ್ ಸಂಸ್ಥೆಯೇ 2012ರ ಏಪ್ರಿಲ್‌ನಲ್ಲಿ ಈ ಕುರಿತು ಒಂದು ತಾಂತ್ರಿಕ ಟಿಪ್ಪಣಿಯನ್ನು ಪ್ರಕಟಿಸಿದೆ. ಯುಎಸ್‌ಬಿ 3.0 ಎಂಬ ವೇಗದ ಸಂಪರ್ಕದಲ್ಲಿ ಸೆಕೆಂಡಿಗೆ 5 ಗಿಗಾಬಿಟ್ ವೇಗದಲ್ಲಿ ಮಾಹಿತಿ ಹರಿಯುತ್ತದೆ. ಆ ವೇಗದ ಸಂಕೇತವು ತಂತಿಯೊಳಗೇ ಉಳಿಯದೆ ಕಿಂಡಿಯಿಂದಲೂ ತಂತಿಯ ಸರಿಯಾಗಿ ಮುಚ್ಚದ ಹೊದಿಕೆಯಿಂದಲೂ ಸುತ್ತಮುತ್ತ ಗದ್ದಲವಾಗಿ ಸೋರುತ್ತದೆ, ಆ ಗದ್ದಲವು ಮೌಸ್ ಇರುವ 2.4 ಗಿಗಾಹರ್ಟ್ಸ್ ಪಟ್ಟಿಯನ್ನೂ ಆವರಿಸುತ್ತದೆ. ಹಾರ್ಡ್ ಡಿಸ್ಕ್ ಜೋಡಿಸಿದಾಗ ಆ ಪಟ್ಟಿಯ ಹಿನ್ನೆಲೆ ಗದ್ದಲವು ಸುಮಾರು 20 ಡೆಸಿಬೆಲ್ ಏರಿತೆಂದು ಟಿಪ್ಪಣಿ ತೋರಿಸಿದೆ. 20 ಡೆಸಿಬೆಲ್ ಎಂದರೆ ನೂರು ಪಟ್ಟು. ಇದು ವೈಫೈನಂತೆ ಒಂದು ಕಾಲುವೆಯಲ್ಲಿ ಕೂಗುವ ದನಿಯಲ್ಲ. ಇಡೀ ಬಯಲಿಗೆ ಹರಡುವ ಗದ್ದಲ. ಆದ್ದರಿಂದ ಮೌಸ್ ಯಾವ ಕಾಲುವೆಗೆ ಹಾರಿದರೂ ತಪ್ಪಿಸಿಕೊಳ್ಳಲಾರದು. ಆದರೆ ಈ ಗದ್ದಲಕ್ಕೊಂದು ಗುಣವಿದೆ, ಅದು ಕಿಂಡಿಯ ಹತ್ತಿರದಲ್ಲಷ್ಟೇ ಜೋರು. ಒಂದು ಮೊಳ ದೂರ ಸರಿದರೆ ಬಹುಪಾಲು ಕ್ಷೀಣಿಸುತ್ತದೆ.

ಪರಿಹಾರವೂ ಹಾಗೆಯೇ ಸಣ್ಣದು. ಡಾಂಗಲನ್ನು ಗಣಕಯಂತ್ರಕ್ಕೆ ನೇರವಾಗಿ ಚುಚ್ಚದೆ, ಒಂದು ಮೀಟರ್ ಉದ್ದದ ಸಾಮಾನ್ಯ ಯುಎಸ್‌ಬಿ ವಿಸ್ತರಣಾ ತಂತಿಯ ತುದಿಗೆ ಹಾಕಿ, ಆ ತುದಿಯನ್ನು ಮೌಸಿನ ಬಳಿ ಮೇಜಿನ ಮೇಲಿಟ್ಟರೆ ಸಾಕು. ತಂತಿಯನ್ನು ಕಪ್ಪು ಬಣ್ಣದ ಹಳೆಯ ಬಗೆಯ ಕಿಂಡಿಗೆ ಹಾಕುವುದು ಲೇಸು. ಸಾಮಾನ್ಯವಾಗಿ ನೀಲಿ ಬಣ್ಣದವು ವೇಗದವು, ಕಪ್ಪು ಬಣ್ಣದವು ಹಳೆಯವು. ಎಲ್ಲ ತಯಾರಕರೂ ಈ ಬಣ್ಣದ ಸಂಪ್ರದಾಯವನ್ನು ಪಾಲಿಸುವುದಿಲ್ಲವೆಂಬುದು ಬೇರೆ ಮಾತು. ಮೌಸಿಗೆ ವೇಗದ ಕಿಂಡಿಯ ಅಗತ್ಯವೇ ಇಲ್ಲ. ಕಲಬುರಗಿಯ ಅಂಗಡಿಯಿಂದ ಹುಡುಗ ತಂದ ಆ ತಂತಿಗೆ 150 ರೂಪಾಯಿಯೂ ಆಗಲಿಲ್ಲ. ಹಳ್ಳಿಯಲ್ಲಿದ್ದುಕೊಂಡು ಮೂರು ಮೌಸ್ ಕೊಂಡ ಖರ್ಚಿನ ಪಕ್ಕದಲ್ಲಿ ಇದನ್ನು ಬರೆದು ನೋಡಬೇಕು.

ಉಳಿದ ಎರಡು ನಮೂದು

ಕಿರ್ದಿಯ ಹನ್ನೊಂದರಲ್ಲಿ ಒಂಬತ್ತು ಬಗೆಹರಿದವು. ಉಳಿದೆರಡು ಮಧ್ಯಾಹ್ನದವು. ಆ ಎರಡೂ ದಿನ ಕೇಬಲ್ ಮೂಲಕ ಬರುವ ಅಂತರ್ಜಾಲ ಕೈಕೊಟ್ಟು, ಅವರು ಮೊಬೈಲ್ ಫೋನಿನ ಹಾಟ್‌ಸ್ಪಾಟ್ ಹಚ್ಚಿಕೊಂಡು ಕೆಲಸ ಮಾಡಿದ್ದರು. ಫೋನನ್ನು ಇಟ್ಟದ್ದು ಗಣಕಯಂತ್ರದ ಪೆಟ್ಟಿಗೆಯ ತಲೆಯ ಮೇಲೆ, ಡಾಂಗಲಿನಿಂದ ಒಂದು ಗೇಣು ದೂರದಲ್ಲಿ.

ಆಳಂದ, ಅಫಜಲಪುರ, ಜೇವರ್ಗಿ ಭಾಗದ ನಮ್ಮ ಸದಸ್ಯರಿಗೆ ಈ ಅಂಶ ವೈಫೈ ರೌಟರಿಗಿಂತಲೂ ಮುಖ್ಯವೆಂದು ನನ್ನ ಅಭಿಪ್ರಾಯ. ಫೋನಿನ ಹಾಟ್‌ಸ್ಪಾಟ್ ಅನೇಕ ಬಾರಿ 2.4 ಗಿಗಾಹರ್ಟ್ಸ್‌ನಲ್ಲಿಯೇ ಕೆಲಸ ಮಾಡುತ್ತದೆ. ಅದಲ್ಲದೆ ಫೋನು ಅತ್ತ ಟವರಿನೊಡನೆಯೂ ಮಾತನಾಡಬೇಕು. 2010ರಲ್ಲಿ ಹರಾಜಾಗಿ ಮುಂದೆ 4ಜಿ ಸೇವೆಗೆ ಬಳಕೆಯಾದ 2300 ಮೆಗಾಹರ್ಟ್ಸ್ ಪಟ್ಟಿಯು 2400ರ ಹೊಸ್ತಿಲಿಗೇ ಬಂದು ನಿಲ್ಲುತ್ತದೆ. ಫೋನಿನ ಪ್ರೇಷಕ ಅಗತ್ಯಬಿದ್ದಾಗ 200 ಮಿಲಿವ್ಯಾಟಿನವರೆಗೆ ಶಕ್ತಿ ಬಳಸಬಲ್ಲದು, ಮತ್ತು ಟವರಿನ ಸಂಕೇತ ಕ್ಷೀಣವಾಗಿದ್ದಷ್ಟೂ ಅದು ಹೆಚ್ಚು ಗಟ್ಟಿಯಾಗಿ ಕೂಗುತ್ತದೆ. ನಮ್ಮ ಕಡೆಯ ಹಳೆಯ ಮನೆಗಳ ಕಲ್ಲಿನ ಗೋಡೆಗಳು ದಪ್ಪ. ಬೇಸಿಗೆಯಲ್ಲಿ ಅವು ಕೊಡುವ ತಂಪು ದೊಡ್ಡದು, ಆದರೆ ಒಳಗಿನ ಫೋನಿಗೆ ಅವು ಅಡ್ಡಗೋಡೆಗಳೇ. ಹೀಗಾಗಿ ಫೋನು ಕೂಗುತ್ತದೆ, ಗೇಣು ದೂರದ ಡಾಂಗಲಿನ ಕಿವಿ ಗಡಚಿಕ್ಕುತ್ತದೆ.

ಇದಕ್ಕೆ ಮೂರು ದಾರಿಗಳಿವೆ. ಫೋನನ್ನು ಕಿಟಕಿಯ ಬಳಿ ಇಡುವುದು ಮೊದಲನೆಯದು. ಅಲ್ಲಿ ಟವರಿನ ಸಂಕೇತವೂ ಚೆನ್ನಾಗಿ ಸಿಗುತ್ತದೆ, ಡಾಂಗಲಿನಿಂದಲೂ ದೂರವಾಗುತ್ತದೆ. ಫೋನು ಹಾಗೂ ಗಣಕಯಂತ್ರ ಎರಡಕ್ಕೂ ಸಾಮರ್ಥ್ಯವಿದ್ದರೆ ಹಾಟ್‌ಸ್ಪಾಟಿನ ಆಯ್ಕೆಗಳಲ್ಲಿ 5 ಗಿಗಾಹರ್ಟ್ಸ್ ಪಟ್ಟಿಯನ್ನು ಆರಿಸಬಹುದು. ನನಗೆ ಹೆಚ್ಚು ಹಿಡಿಸುವುದು ಮೂರನೆಯದು: ಫೋನನ್ನು ಚಾರ್ಜಿಂಗ್ ತಂತಿಯ ಮೂಲಕವೇ ಗಣಕಯಂತ್ರಕ್ಕೆ ಜೋಡಿಸಿ ಯುಎಸ್‌ಬಿ ಟೆದರಿಂಗ್ ಚಾಲನೆ ಮಾಡುವುದು. ಹಾಟ್‌ಸ್ಪಾಟಿನ ಕೂಗು ಪೂರ್ಣವಾಗಿ ನಿಲ್ಲುತ್ತದೆ, ಫೋನಿನ ಬ್ಯಾಟರಿಯೂ ಇಳಿಯುವುದಿಲ್ಲ.

ರೌಟರ್ ಇರುವ ಮನೆಗಳಲ್ಲಿ ಅದನ್ನು ಗಣಕಯಂತ್ರದ ಮೇಜಿನಿಂದ ಒಂದೆರಡು ಮೀಟರ್ ದೂರವಿರಿಸಬೇಕು. ಅದರ 2.4 ಗಿಗಾಹರ್ಟ್ಸ್ ಭಾಗವನ್ನು 20 ಮೆಗಾಹರ್ಟ್ಸ್ ಅಗಲಕ್ಕೆ ಸೀಮಿತಗೊಳಿಸಿ 1 ಅಥವಾ 11ನೆಯ ಕಾಲುವೆಯಲ್ಲಿ ನಿಲ್ಲಿಸಿದರೆ ಬಯಲಿನ ಒಂದು ಮೂಲೆ ಮಾತ್ರ ಅದರದಾಗುತ್ತದೆ. ಉಳಿದುದರಲ್ಲಿ ಮೌಸ್ ನೆಮ್ಮದಿಯಾಗಿರುತ್ತದೆ. ಅಗಲವನ್ನು 40ಕ್ಕೆ ಬಿಟ್ಟರೆ ಒಟ್ಟು 83.5ರಲ್ಲಿ ಅರ್ಧದಷ್ಟನ್ನು ಒಂದೇ ರೌಟರ್ ಹಿಡಿದುಕೊಳ್ಳುತ್ತದೆ. ಅಂತರ್ಜಾಲ ಸಂಪರ್ಕ ಕೊಟ್ಟವರ ಕಡೆಯ ಹುಡುಗ ಮನೆಗೆ ಬಂದಾಗಲೇ ಈ ಕೆಲಸ ಮಾಡಿಸಿಕೊಳ್ಳಿ, ಐದು ನಿಮಿಷದ್ದು. ಅಂಗಡಿಯ ವೈಫೈ ಕ್ಯಾಮೆರಾಗಳು ಹಗಲಿರುಳೂ ಚಿತ್ರ ಕಳಿಸುತ್ತಿರುವುದರಿಂದ ಅವನ್ನೂ ಮೇಜಿನ ನೆತ್ತಿಯ ಮೇಲೆ ಕೂರಿಸಬಾರದು. ಮೈಕ್ರೋವೇವ್ ಒಲೆ ಕಚೇರಿ ಕೋಣೆಯ ಗೋಡೆಯ ಆಚೆಗೇ ಇದ್ದು, ಅದು ನಡೆಯುವಾಗ ಮಾತ್ರ ಮೌಸ್ ತಡವರಿಸಿದರೆ ಗುಟ್ಟು ತಾನಾಗಿ ಬಯಲಾಗುತ್ತದೆ.

ಬೆಂಗಳೂರಿನ ಬಹುಮಹಡಿ ಮನೆಯಲ್ಲಿ ವಾಸಿಸುವವರಿಗೆ ಮೇಲಿನ, ಕೆಳಗಿನ, ಪಕ್ಕದ ಮನೆಗಳ ಹತ್ತಾರು ರೌಟರ್‌ಗಳ ಕಾಟ. ಅವರು ಯಾರನ್ನೆಂದು ದೂರಬೇಕು? ಸರಸಂಬಾದಂತಹ ಊರಿನಲ್ಲಿ ಆ ಗೊಂದಲವಿಲ್ಲ. ಇಲ್ಲಿ ಅಪರಾಧಿ ಬಹುತೇಕ ನಮ್ಮ ಮೇಜಿನ ಮೇಲೆಯೇ ಇರುತ್ತಾನೆ.

ಆರೋಪ ಹೊತ್ತ ನಿರಪರಾಧಿಗಳು

ಊರಿನಲ್ಲಿ ಈ ತೊಂದರೆಯನ್ನು ಪ್ರಸ್ತಾಪಿಸಿದರೆ ಮೊದಲು ಬೆರಳು ತೋರುವುದು ಮೊಬೈಲ್ ಟವರಿನತ್ತ. ಟವರ್ ದೂರದಲ್ಲಿದೆ, ಅದರ ಪಟ್ಟಿಗಳೂ ಬೇರೆ. ಕೈಯಲ್ಲಿರುವ ಫೋನು ಮಾಡುವಷ್ಟು ಉಪದ್ರವವನ್ನು ಅದು ಮೌಸಿಗೆ ಮಾಡುವುದಿಲ್ಲ. ಎರಡನೆಯ ಆರೋಪಿ ಇನ್ವರ್ಟರ್. ಹಿಂದಿನ ಕಾಲದಲ್ಲಿ ಈ ಮಾತಿಗೆ ಸ್ವಲ್ಪ ಆಧಾರವಿತ್ತು. ಇಂದಿನ ಮೌಸ್ ಕೆಲಸ ಮಾಡುವ ಎತ್ತರದ ತರಂಗಗಳನ್ನು ಇನ್ವರ್ಟರಿನ ಗದ್ದಲ ಮುಟ್ಟುವುದು ಅಪರೂಪ. ಹಣ ಜಮೆಯಾದುದನ್ನು ಕೂಗಿ ಹೇಳುವ ಯುಪಿಐ ಧ್ವನಿಪೆಟ್ಟಿಗೆಯ ಮೇಲೂ ಕೆಲವರಿಗೆ ಸಂಶಯ. ಅದು ಸಾಮಾನ್ಯವಾಗಿ ತನ್ನೊಳಗಿನ ಸಿಮ್ ಮೂಲಕ, ಹಣ ಬಂದಾಗ ಮಾತ್ರ ನಾಲ್ಕು ಮಾತು ಕೇಳುವಂಥದು. ಅದನ್ನು ಸುಮ್ಮನೆ ಬಿಡಬಹುದು.

ಇದಕ್ಕಿಂತ ಮುಖ್ಯವಾದುದು, ಮೌಸಿನ ಎಲ್ಲ ಕಾಯಿಲೆಗಳೂ ಸಂಕೇತದ ಕಾಯಿಲೆಗಳಲ್ಲ. ಒಂದು ಸುಲಭ ಪರೀಕ್ಷೆಯಿದೆ. ಮೌಸನ್ನು ಡಾಂಗಲಿನ ಬಳಿ, ಒಂದು ಗೇಣಿನೊಳಗೆ ತಂದು ಆಡಿಸಿ ನೋಡಬೇಕು. ಹತ್ತಿರ ಬಂದಾಗ ಸರಿಹೋಗಿ ದೂರ ಹೋದಾಗ ತಡವರಿಸಿದರೆ ಅದು ಸಂಕೇತದ ತೊಂದರೆ, ಇಲ್ಲವೇ ಸೊರಗಿದ ಬ್ಯಾಟರಿ. ಹತ್ತಿರದಲ್ಲಿಯೂ ಹಾಗೆಯೇ ಇದ್ದರೆ ಬೇರೆ ಕಾರಣ ಹುಡುಕಬೇಕು.

ನಮ್ಮ ಭಾಗದಲ್ಲಿ ಆ ಬೇರೆ ಕಾರಣ ಹೆಚ್ಚಾಗಿ ಧೂಳು. ತೊಗರಿ ಬೇಳೆಯ ಗಿರಣಿ, ಹಿಟ್ಟಿನ ಗಿರಣಿ, ಸಿಮೆಂಟ್ ಗೋದಾಮು, ಎಲ್ಲಿ ನೋಡಿದರೂ ಗಾಳಿಯಲ್ಲಿ ನುಣ್ಣನೆಯ ಪುಡಿ. ಮೌಸಿನ ಹೊಟ್ಟೆಯಲ್ಲಿರುವ ಪುಟ್ಟ ಕ್ಯಾಮೆರಾ ಮೇಜಿನ ಮೇಲ್ಮೈಯನ್ನು ಸತತವಾಗಿ ನೋಡಿ, ಒಂದು ಚಿತ್ರಕ್ಕೂ ಮುಂದಿನದಕ್ಕೂ ಇರುವ ವ್ಯತ್ಯಾಸದಿಂದ ಚಲನೆಯನ್ನು ಲೆಕ್ಕ ಹಾಕುತ್ತದೆ. ಅದರ ಕಣ್ಣಿಗೆ ಒಂದು ನಾರು ಅಂಟಿದರೂ, ಕೆಳಗೆ ಗಾಜು ಅಥವಾ ಹೊಳಪು ಕೊಟ್ಟ ಗ್ರಾನೈಟ್ ಇದ್ದರೂ ಬಾಣವು ಸುಮ್ಮನಿದ್ದಲ್ಲಿಯೇ ನಡುಗುತ್ತದೆ, ಇಲ್ಲವೇ ಪರದೆಯ ಮೂಲೆಗೆ ಓಡುತ್ತದೆ. ಮೇಜಿನ ಗಾಜಿನಡಿ ದೇವರ ಪಟ, ಕ್ಯಾಲೆಂಡರ್, ವಿಸಿಟಿಂಗ್ ಕಾರ್ಡುಗಳನ್ನು ಒಪ್ಪವಾಗಿ ಜೋಡಿಸಿ ಅದರ ಮೇಲೆ ಮೌಸ್ ಓಡಿಸುವುದು ನಮ್ಮ ಅಂಗಡಿಗಳಲ್ಲಿ ಸಾಮಾನ್ಯ ನೋಟ. ಒಂದು ಬಟ್ಟೆಯ ಪ್ಯಾಡ್ ಹಾಸಿದರೆ ತೀರಿತು. ಕಣ್ಣನ್ನು ವಾರಕ್ಕೊಮ್ಮೆ ಒಣ ಮೃದು ಬಟ್ಟೆಯಿಂದ ಒರೆಸಬೇಕು; ಬಾಯಿಂದ ಊದಿದರೆ ತೇವ ಸೇರುತ್ತದೆ.

ಒಮ್ಮೆ ಒತ್ತಿದರೆ ಎರಡು ಬಾರಿ ಒತ್ತಿದಂತಾಗುವುದು ವರ್ತಕರಿಗೆ ಇನ್ನೂ ಅಪಾಯಕಾರಿ. ತೆರೆಯಬೇಕಾದ ಕಡತ ಮುಚ್ಚುತ್ತದೆ, ಒಂದು ಬಾರಿ ಕಳಿಸಬೇಕಾದುದು ಎರಡು ಬಾರಿ ಹೋಗುತ್ತದೆ. ಇದು ಗುಂಡಿಯ ಕೆಳಗಿರುವ ಪುಟ್ಟ ಸ್ವಿಚ್ಚಿನ ಸವೆತ. ಡಾಂಗಲನ್ನು ಎಲ್ಲಿಗೆ ಸರಿಸಿದರೂ ವಾಸಿಯಾಗದು. ಸ್ವಿಚ್ ಬದಲಿಸಬೇಕು, ಇಲ್ಲವೇ ಮೌಸನ್ನು. ಇನ್ನು, ಸ್ವಲ್ಪ ಹೊತ್ತು ಬಿಟ್ಟು ಮುಟ್ಟಿದಾಗ ಮಾತ್ರ ತಡವಾಗಿ ಎಚ್ಚರಗೊಂಡರೆ ಅದು ಬ್ಯಾಟರಿ ಉಳಿಸುವ ನಿದ್ರೆ, ದೋಷವಲ್ಲ. ಆ ನಿದ್ರೆ ವಿಪರೀತ ದೀರ್ಘವಾದರೆ, ಗಣಕಯಂತ್ರದ ಡಿವೈಸ್ ಮ್ಯಾನೇಜರಿನಲ್ಲಿ ಯುಎಸ್‌ಬಿ ಹಬ್‌ನ ಶಕ್ತಿ ಉಳಿತಾಯದ ಗುರುತನ್ನು ತೆಗೆದು ನೋಡಬಹುದು. ಬ್ಯಾಟರಿಯ ಮನೆಯಲ್ಲಿ ಬಿಳಿಯ ಅಥವಾ ಹಸಿರು ಪುಡಿ ಕಂಡರೆ ಹಳೆಯ ಬ್ಯಾಟರಿ ಸೋರಿದೆಯೆಂದು ಅರ್ಥ. ಆ ಲೋಹದ ಪಟ್ಟಿಗಳನ್ನು ಒರೆಸಿ ಶುಚಿಗೊಳಿಸದ ಹೊರತು ಹೊಸ ಬ್ಯಾಟರಿಯೂ ಪ್ರಯೋಜನಕ್ಕೆ ಬಾರದು.

ಎರಡು ಗಣಕಯಂತ್ರಗಳಿರುವ ಅಂಗಡಿಗಳಲ್ಲಿ ಮತ್ತೊಂದು ಪ್ರಮಾದ ನೋಡಿದ್ದೇನೆ. ಕಸ ಗುಡಿಸುವಾಗ ಡಾಂಗಲ್‌ಗಳು ಕೆಳಗೆ ಬಿದ್ದು, ನೋಡಲು ಒಂದೇ ತೆರನಾದ ಅವು ಅದಲುಬದಲಾಗುತ್ತವೆ. ಒಂದೇ ಕಂಪನಿಯ, ಒಂದೇ ಮಾದರಿಯ ಮೌಸ್ ಆದರೂ ಇನ್ನೊಂದರ ಡಾಂಗಲಿನೊಡನೆ ಅದು ಮಾತನಾಡದು. ಪ್ರತಿಯೊಂದಕ್ಕೂ ತನ್ನದೇ ಜೋಡಿ. ಡಾಂಗಲಿಗೂ ಮೌಸಿಗೂ ಒಂದೇ ಬಣ್ಣದ ಉಗುರುಬಣ್ಣದ ಚುಕ್ಕೆ ಇಟ್ಟರೆ ಈ ಗೊಂದಲವಿರದು. ಕೆಲವು ತಯಾರಕರು ಹಲವು ಸಾಧನಗಳಿಗೆ ಒಂದೇ ಡಾಂಗಲ್ ಸಾಕಾಗುವ ವ್ಯವಸ್ಥೆ ಮಾಡಿದ್ದಾರೆ. ಲಾಜಿಟೆಕ್ 2009ರಲ್ಲಿ ತಂದ ಅಂತಹ ಗ್ರಾಹಕವು ಆರು ಸಾಧನಗಳನ್ನು ನಿಭಾಯಿಸುತ್ತದೆ.

ಡಾಂಗಲ್ ಇಲ್ಲದ ಬ್ಲೂಟೂತ್ ಮೌಸ್‌ಗಳಲ್ಲಿ ತಂತಿ ಎಳೆದು ದೂರ ಸರಿಸುವ ಉಪಾಯ ನಡೆಯದು, ಏಕೆಂದರೆ ಗ್ರಾಹಕ ಲ್ಯಾಪ್‌ಟಾಪಿನೊಳಗೇ ಇದೆ, ಬಹುತೇಕ ವೈಫೈ ಚಿಪ್ಪಿನ ಜೊತೆಯಲ್ಲೇ ಇದೆ. ಅಲ್ಲಿ ವೈಫೈಯನ್ನು 5 ಗಿಗಾಹರ್ಟ್ಸ್‌ಗೆ ವರ್ಗಾಯಿಸುವುದೇ ಮದ್ದು.

ನಾರ್ವೆಯ ಒಂದು ಪ್ರಸಂಗ, ಮತ್ತು ಭದ್ರತೆಯ ಮಾತು

ಮೌಸಿನ ಇತಿಹಾಸವನ್ನು ಇಲ್ಲಿ ವಿಸ್ತರಿಸುವುದಿಲ್ಲ. ಡಗ್ಲಾಸ್ ಎಂಗೆಲ್‌ಬರ್ಟ್ 1968ರ ಡಿಸೆಂಬರ್ 9ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಮೊದಲ ಬಾರಿಗೆ ಸಾರ್ವಜನಿಕರೆದುರು ಪ್ರದರ್ಶಿಸಿದ ಮೌಸಿಗೆ ತಂತಿಯಿತ್ತು. ತಂತಿ ಹೋದ ಮೇಲೆ ಬಹುಕಾಲ 27 ಮೆಗಾಹರ್ಟ್ಸ್ ಪಟ್ಟಿಯ ಕೀಲಿಮಣೆ, ಮೌಸ್‌ಗಳು ಚಲಾವಣೆಯಲ್ಲಿದ್ದವು. ಕೆಳಗೊಂದು 'ಕನೆಕ್ಟ್' ಗುಂಡಿ ಇರುತ್ತಿದ್ದ ಅವುಗಳನ್ನು ಹಿರಿಯ ಓದುಗರು ಬಲ್ಲರು. ಅವಕ್ಕೆ ಕಾಲುವೆಗಳು ಬೆರಳೆಣಿಕೆಯಷ್ಟೇ. 2002ರಲ್ಲಿ ನಾರ್ವೆಯ ಸ್ತಾವಾಂಗೆರ್ ನಗರದಲ್ಲಿ ಒಬ್ಬರು ತಂತಿಯಿಲ್ಲದ ಕೀಲಿಮಣೆಯಲ್ಲಿ ಟೈಪಿಸಿದ ಅಕ್ಷರಗಳು ಸುಮಾರು 150 ಮೀಟರ್ ದೂರದ ಮತ್ತೊಂದು ಮನೆಯ ಗಣಕಯಂತ್ರದಲ್ಲಿ ಮೂಡಿ ಸುದ್ದಿಯಾಗಿತ್ತು.

ಇಂದಿನ ಸಾಧನಗಳಲ್ಲಿ ಹಾಗಾಗುವುದಿಲ್ಲವಾದರೂ ವರ್ತಕರು ಪೂರ್ಣ ನಿಶ್ಚಿಂತರಾಗಿರುವಂತಿಲ್ಲ. 2016ರ ಫೆಬ್ರವರಿಯಲ್ಲಿ ಅಮೆರಿಕದ ಬ್ಯಾಸ್ಟಿಲ್ ಎಂಬ ಭದ್ರತಾ ಸಂಸ್ಥೆಯು ಮೌಸ್‌ಜ್ಯಾಕ್ ಎಂಬ ಹೆಸರಿನಲ್ಲಿ ಒಂದು ದೋಷವನ್ನು ಬಹಿರಂಗಪಡಿಸಿತು. ಹಲವು ತಯಾರಕರ ಡಾಂಗಲ್‌ಗಳು ಮೌಸಿನಿಂದ ಬರುವ ಗುಪ್ತಲಿಪಿಯಿಲ್ಲದ ಮಾತುಗಳನ್ನು ಪರೀಕ್ಷಿಸದೆ ನಂಬುತ್ತಿದ್ದುದರಿಂದ, ಹೊರಗಿನವನು ನೂರು ಮೀಟರ್‌ವರೆಗಿನ ದೂರದಲ್ಲಿದ್ದುಕೊಂಡು ತಾನೇ ಕೀಲಿಮಣೆಯೆಂದು ನಟಿಸಿ ಗಣಕಯಂತ್ರಕ್ಕೆ ಅಕ್ಷರಗಳನ್ನು ಕಳಿಸಬಹುದಿತ್ತು. ಕೆಲವು ತಯಾರಕರು ತಿದ್ದುಪಡಿ ನೀಡಿದರು. ಎಲ್ಲ ಡಾಂಗಲ್‌ಗಳನ್ನೂ ತಿದ್ದುವಂತಿರಲಿಲ್ಲ. ಬ್ಯಾಂಕ್ ವ್ಯವಹಾರ ನಡೆಸುವ ಗಣಕಯಂತ್ರದಲ್ಲಿ 2016ಕ್ಕಿಂತ ಹಿಂದಿನ ಹಳೆಯ ಡಾಂಗಲ್ ಇದ್ದರೆ ಅದನ್ನು ನಿವೃತ್ತಿಗೊಳಿಸುವುದು ಕ್ಷೇಮ. ಊಟಕ್ಕೆ ಎದ್ದಾಗ ಗಣಕಯಂತ್ರಕ್ಕೆ ಬೀಗಮುದ್ರೆ ಹಾಕುವ ಅಭ್ಯಾಸವೂ ಬೇಕು. ಗಲ್ಲಾಪೆಟ್ಟಿಗೆಯನ್ನು ತೆರೆದಿಟ್ಟು ಯಾರೂ ಊಟಕ್ಕೆ ಹೋಗುವುದಿಲ್ಲವಷ್ಟೆ.

ನನ್ನದೊಂದು ಹಟದ ಅಭಿಪ್ರಾಯವಿದೆ. ತೆರಿಗೆ ಪೋರ್ಟಲ್ಲಿನಲ್ಲಿ ಕುಳಿತಾಗ, ವಿಶೇಷವಾಗಿ ರಿಟರ್ನ್ ಸಲ್ಲಿಸುವ ಕೊನೆಯ ದಿನ ಅಥವಾ ವಾಹನ ಬಾಗಿಲಲ್ಲಿ ನಿಂತಿರುವಾಗ, ಮೇಜಿನ ಖಾನೆಯಲ್ಲೊಂದು ತಂತಿಯುಳ್ಳ ಮೌಸ್ ಇರಲೇಬೇಕು. ಟ್ಯಾಲಿ ಬಳಸಿ ಪಳಗಿದವರಿಗೆ ಮೌಸಿನ ಹಂಗು ಕಡಿಮೆ. ಬೆಂಗಳೂರಿನಲ್ಲಿ ಬೆಳೆದ ಆ ತಂತ್ರಾಂಶ ಮೊದಲಿನಿಂದಲೂ ಕೀಲಿಮಣೆಯವರದು. ಅದೇ ಅಭ್ಯಾಸವನ್ನು ಪೋರ್ಟಲ್ಲಿಗೂ ತರಬಹುದು. ಟ್ಯಾಬ್ ಕೀಲಿಯಿಂದ ಮುಂದಿನ ಅಂಕಣಕ್ಕೆ ಹೋಗಿ, ರಾಜ್ಯದ ಪಟ್ಟಿಯಲ್ಲಿ ಮೊದಲ ನಾಲ್ಕು ಅಕ್ಷರಗಳನ್ನು ಬೇಗ ಟೈಪಿಸಿದರೆ ಸಾಮಾನ್ಯವಾಗಿ ಆ ಹೆಸರೇ ಬಂದು ನಿಲ್ಲುತ್ತದೆ.

ಸರಸಂಬಾದ ಮಿತ್ರರ ಮೇಜಿನ ಮೇಲೆ ಈಗ ಡಾಂಗಲ್ ಒಂದು ಮೀಟರ್ ತಂತಿಯ ತುದಿಯಲ್ಲಿ ಕುಳಿತಿದೆ. ಹಾರ್ಡ್ ಡಿಸ್ಕ್ ತನ್ನ ನೀಲಿ ಕಿಂಡಿಯಲ್ಲಿಯೇ ಇದೆ. ಸಂಜೆಯ ನಕಲು ಒಂದು ದಿನವೂ ತಪ್ಪಿಲ್ಲ. ಖಾನೆಯಲ್ಲಿದ್ದ ಎರಡು 'ಕೆಟ್ಟ' ಮೌಸ್‌ಗಳಿಗೆ ಹುಡುಗ ಹೊಸ ಬ್ಯಾಟರಿ ಹಾಕಿ ನೋಡಿದನು. ಒಂದರ ಗುಂಡಿ ನಿಜವಾಗಿಯೂ ಸವೆದು ಒಂದೊತ್ತಿಗೆ ಎರಡೊತ್ತು ಲೆಕ್ಕ ಹೇಳುತ್ತಿತ್ತು. ಮತ್ತೊಂದು ಯಾವ ದೋಷವೂ ಇಲ್ಲದೆ ಈಗ ಗೋದಾಮಿನ ಗಣಕಯಂತ್ರಕ್ಕೆ ಹೋಗಿದೆ. ಅದರ ಡಾಂಗಲಿಗೂ ಬೆನ್ನಿಗೂ ಕೆಂಪು ಉಗುರುಬಣ್ಣದ ಒಂದೊಂದು ಚುಕ್ಕೆಯಿದೆ.